ಗ್ರೆಪ್‌ಗೆ ಸಿಗದ ಕ್ಯಾಸನೂರು

ಅಂತರಜಾಲದಲ್ಲಿ ಕ್ಯಾಸನೂರು ಅಂತ ಹುಡುಕಿ ನೋಡಿ, ಬರುವುದೆಲ್ಲ ಮಂಗನ ಕಾಯಿಲೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಈ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹೊಸ ವೈರಸ್ ಪತ್ತೆಯಾಯಿತು, ಊರಿನ ಹೆಸರು ಕಾಯಿಲೆಗೆ ಅಂಟಿಕೊಂಡು ಜಗತ್ತೆಲ್ಲ ಸುತ್ತಿತು. ಆದರೆ ಊರೆಂದರೆ ಅಷ್ಟೇ ಅಲ್ಲವಲ್ಲ...

ಹೋದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪ ಒಂದು ಹಳೇ ಸಿಡಿ ಕೊಟ್ಟರು. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಸ್ಮರಣ ಸಂಚಿಕೆಗಾಗಿ ಟೈಪ್ ಮಾಡಿಸಿದ ಬರಹಗಳು. "ಕ್ಯಾಸನೂರಿನ ವಿಷಯ ಇದ್ರಲ್ಲಿ ಬೇಕಾದಷ್ಟಿದೆ. ನೀನು ಕಂಪ್ಯೂಟರಿನವನು, ಹುಡುಕ್ಕೋ" ಅಂದರು.

ನಿಜ ಹೇಳಬೇಕೆಂದರೆ ಇಂಜಿನಿಯರಿಂಗ್ ಓದಿದರೂ ಶೆಲ್ ಸ್ಕ್ರಿಪ್ಟನ್ನು ನಾನು ನೆಟ್ಟಗೆ ಕಲಿತವನಲ್ಲ. ಯಾರೋ ಬರೆದದ್ದನ್ನು ಕಾಪಿ ಹೊಡೆದು ಕಾಲ ಹಾಕಿದವನು. ಈ ಸಲವಾದರೂ ಕಲಿಯೋಣ ಅಂತ ಎಲ್ಲ ಕಡತಗಳ ಮೇಲೆ ಗ್ರೆಪ್ ಓಡಿಸಿ 'ಕ್ಯಾಸನೂರು' ಹುಡುಕಿದೆ. ಏನೂ ಬರಲಿಲ್ಲ. ಗ್ರೆಪ್‌ನ ಸ್ವಭಾವವೇ ಹಾಗೆ. ಸಿಗದಿದ್ದರೆ 'ಸಿಗಲಿಲ್ಲ' ಅಂತಲೂ ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತದೆ.

ತಮಾಷೆಯೆಂದರೆ ಈ ಗ್ರೆಪ್ ಹುಟ್ಟಿದ್ದೇ ಇತಿಹಾಸದ ಒಂದು ಪ್ರಶ್ನೆಯಿಂದ. 1787-88ರಲ್ಲಿ ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 85 ಪ್ರಬಂಧಗಳು 'ಪಬ್ಲಿಯಸ್' ಎಂಬ ಒಂದೇ ಗುಪ್ತನಾಮದಲ್ಲಿ ಬಂದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ. ಯಾವುದು ಯಾರದು ಅಂತ ಪದಬಳಕೆಯಿಂದ ಪತ್ತೆ ಮಾಡುವ ಆಸೆ ಬೆಲ್ ಲ್ಯಾಬ್ಸ್‌ನ ಲೀ ಮ್ಯಾಕ್‌ಮಹನ್‌ಗೆ. ಅಷ್ಟು ದೊಡ್ಡ ಪಠ್ಯ 'ಎಡ್' ಎಡಿಟರಿನೊಳಗೆ ಹಿಡಿಸಲಿಲ್ಲ. ಆಗ ಕೆನ್ ಥಾಂಪ್ಸನ್ ಅದರ ಹುಡುಕುವ ಭಾಗವನ್ನಷ್ಟೇ ಬಿಡಿಸಿ ಗ್ರೆಪ್ ಮಾಡಿಕೊಟ್ಟರು ಎಂದು ಬ್ರಯನ್ ಕರ್ನಿಘನ್ ಹೇಳುತ್ತಾರೆ. ಪದಗಳನ್ನು ಬದಲಿಸುವ ಸೆಡ್ ಬರೆದದ್ದು ಅದೇ ಮ್ಯಾಕ್‌ಮಹನ್.

1971ರಲ್ಲಿ ಯೂನಿಕ್ಸ್‌ನ ಮೊದಲ ಶೆಲ್ ಬರೆದದ್ದೂ ಥಾಂಪ್ಸನ್. ನಮ್ಮ ಕಡೆ ಅಡಿಕೆ ತೋಟಕ್ಕೆ ಪೈಪಿಗೆ ಪೈಪು ಜೋಡಿಸಿ ನೀರು ಹಾಯಿಸುತ್ತಾರಲ್ಲ, ಹಾಗೆ ಒಂದು ಪ್ರೋಗ್ರಾಮಿನಿಂದ ಹೊರಬಂದ ಪಠ್ಯವನ್ನು ಇನ್ನೊಂದಕ್ಕೆ ಹಾಯಿಸಬೇಕು ಅಂತ ಡಗ್ ಮ್ಯಾಕಿಲ್ರಾಯ್ ಹಟ ಹಿಡಿದಿದ್ದರಿಂದ 1973ರಲ್ಲಿ 'ಪೈಪ್' ಬಂತು. 1979ರ ಬೋರ್ನ್ ಶೆಲ್ ಇದಕ್ಕೆ ಇಫ್, ಫಾರ್‌ಗಳನ್ನೆಲ್ಲ ಕೊಟ್ಟು ಸ್ಕ್ರಿಪ್ಟನ್ನು ಒಂದು ಭಾಷೆಯಾಗಿಸಿತು. 1989ರ ಬ್ಯಾಷ್ ಅದರ ಮಗ.

ಇದೆಲ್ಲ ಇಂಗ್ಲಿಷಿನ ಕಾಲದ ಕಥೆ. ಒಂದು ಅಕ್ಷರಕ್ಕೆ ಒಂದು ಬೈಟ್, ಮುಗಿಯಿತು. ಕನ್ನಡ ಆ ಪೈಪಿನಲ್ಲಿ ಹರಿದದ್ದು ಹೇಗೆ? ಅಲ್ಲೂ ಥಾಂಪ್ಸನ್ನರೇ ಸಿಗುತ್ತಾರೆ! 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತು, ತಟ್ಟೆಯಡಿಯ ಕಾಗದದ ಮೇಲೆ ಅವರೂ ರಾಬ್ ಪೈಕ್‌ರೂ ಯುಟಿಎಫ್-8ರ ನಕ್ಷೆ ಹಾಕಿದರು. ಇದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. ಆ ಬೈಟುಗಳೆಲ್ಲ 127ಕ್ಕಿಂತ ಮೇಲಿನವು, ಹಾಗಾಗಿ ಶೆಲ್‌ನ ಗೀಟು, ಚುಕ್ಕಿ, ಓರೆಗೆರೆಗಳ ಜೊತೆ ಜಗಳವಿಲ್ಲ. 'ಡಬ್ಲ್ಯೂಸಿ' ಎಂಬ ಎಣಿಸುವ ಆಜ್ಞೆಗೆ ಕ್ಯಾಸನೂರು ಕೊಟ್ಟು ನೋಡಿ. ನಮ್ಮ ಕಣ್ಣಿಗೆ 4 ಅಕ್ಷರ, ಯೂನಿಕೋಡ್‌ಗೆ 9 ಸಂಕೇತ, ಯಂತ್ರಕ್ಕೆ 27 ಬೈಟ್.

ಹಾಗಾದರೆ ಗ್ರೆಪ್ ಯಾಕೆ ಸುಮ್ಮನಿತ್ತು? ಸಿಡಿಯಲ್ಲಿದ್ದದ್ದು ಯೂನಿಕೋಡ್ ಅಲ್ಲ, ನುಡಿ ಫಾಂಟು. ಆಗಿನ ಡಿಟಿಪಿ ಅಂಗಡಿಗಳ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ ಬಿಡಿ. ಆ ಫಾಂಟು ತೆಗೆದರೆ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ ಹೀಗೆ ಕಾಣುತ್ತದೆ. ಕನ್ನಡ ಇದ್ದದ್ದು ಫಾಂಟಿನ ಚಿತ್ರದಲ್ಲಿ, ಕಡತದಲ್ಲಲ್ಲ.

ಕಡತಗಳನ್ನು ಸರಳ ಪಠ್ಯ ಮಾಡಿಕೊಂಡು, ಒಂದೊಂದು ಚಿಹ್ನೆಗೂ ಕನ್ನಡ ಹಾಕುವ ಸೆಡ್ ಸಾಲುಗಳನ್ನು ಬರೆಯುತ್ತಾ ಹೋದೆ. ಮೊದಲ ಸಲ ಬಂದದ್ದು 'ಕಾ', ಪಕ್ಕದಲ್ಲಿ ಚುಕ್ಕಿಯ ಚಕ್ರ, ಅದರಡಿ ಅನಾಥ ಯ-ಒತ್ತು! ಹಳೇ ಲೇಖನಗಳನ್ನು ಪರಿವರ್ತಿಸಿದ ಪುಟಗಳಲ್ಲಿ ನೀವೂ ಇದನ್ನು ನೋಡಿರುತ್ತೀರಿ. ಕಾರಣ ಇಷ್ಟೇ: ನುಡಿಯಲ್ಲಿ ಕಣ್ಣಿಗೆ ಕಾಣುವ ಕ್ರಮ, ಮೊದಲು ಕಾ, ಆಮೇಲೆ ಒತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಮೊದಲು ಕ, ಆಮೇಲೆ ಒತ್ತು, ಕೊನೆಗೆ ದೀರ್ಘ. 'ಕರ್ನಾಟಕ'ದ ಅರ್ಕಾವತ್ತಿನದೂ ಇದೇ ಪಾಡು. ಅದು ನುಡಿಯಲ್ಲಿ 'ನಾ' ಆದಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ಅದಕ್ಕೂ ಮುಂಚೆ. ಸೆಡ್‌ನಲ್ಲಿ ಎರಡು ಭಾಗಗಳನ್ನು ಹಿಡಿದು ಅದಲುಬದಲು ಮಾಡುವುದನ್ನು ನಾನು ಕಲಿತದ್ದು ಹೀಗೆ, ನಮ್ಮೂರಿನ ಹೆಸರಿನ ಮೇಲೆಯೇ.

ಮತ್ತೆ ಗ್ರೆಪ್ ಓಡಿಸಿದೆ. ಪರದೆ ತುಂಬ ಕ್ಯಾಸನೂರು. ಕೆರೆ, ಜಾತ್ರೆ, ಶಾಲೆ ಕಟ್ಟಿಸಿದ ಕಥೆ... ಕಾಯಿಲೆಯ ಸುದ್ದಿ ಬಂದದ್ದು ಒಂದೋ ಎರಡೋ ಕಡೆ ಮಾತ್ರ. ಚಿಕ್ಕಪ್ಪನಿಗೆ ಫೋನ್ ಮಾಡಿದರೆ "ನಾ ಹೇಳ್ಲಿಲ್ವಾ" ಅಂತ ನಕ್ಕರು.

ಮೊದಲ ದಿನವೇ ನಾನು 'ಇದರಲ್ಲಿ ಏನೂ ಇಲ್ಲ' ಅಂತ ಸಿಡಿ ವಾಪಸ್ ಕೊಟ್ಟುಬಿಡುವವನಿದ್ದೆ. 'ಇಲ್ಲ' ಎನ್ನುವುದಕ್ಕೂ 'ಸಿಗಲಿಲ್ಲ' ಎನ್ನುವುದಕ್ಕೂ ಇಷ್ಟು ದೂರ ಇದೆ ಅಂತ ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಹಳೇ ಸಿಡಿ ಇದ್ದರೆ ದಯವಿಟ್ಟು ಎಸೆಯಬೇಡಿ. ಮೂಲ ಕಡತ ಹಾಗೇ ಇಟ್ಟು, ಒಂದು ಪ್ರತಿಯನ್ನು ಯೂನಿಕೋಡ್ ಮಾಡಿಕೊಳ್ಳಿ. ಹುಡುಕಿದವರಿಗೆ ನಮ್ಮ ಊರುಗಳು ಸಿಗಲಿ.