ವಾರ್ತಾಚಿತ್ರ ಓಡುತ್ತಿದ್ದಾಗ ಹೊರಗೆ ಹೋದವರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಟಾಕೀಸುಗಳಲ್ಲಿ ಸಿನಿಮಾ ನೋಡಿ ಬೆಳೆದ ನನ್ನ ವಯಸ್ಸಿನವರಿಗೆ 'ಡಾಕ್ಯುಮೆಂಟರಿ' ಎಂದರೆ ಪಿಚ್ಚರ್ ಶುರುವಾಗುವ ಮುಂಚಿನ ಹತ್ತು ಹನ್ನೆರಡು ನಿಮಿಷ. ಎಲ್ಲೋ ನೆರೆ, ಎಲ್ಲೋ ಅಣೆಕಟ್ಟು, ಮಂತ್ರಿಯೊಬ್ಬರು ರಿಬ್ಬನ್ ಕತ್ತರಿಸುವುದು, ಕೊನೆಗೆ ಕುಟುಂಬ ಯೋಜನೆ. ಹಿನ್ನೆಲೆಯಲ್ಲಿ ಗಂಭೀರವಾದ ಒಂದು ಗಂಡುದನಿ. ಅದು ಶುರುವಾದೊಡನೆ ಗಂಡಸರು ಎದ್ದು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದರು.

ಈ ಚಿತ್ರಗಳನ್ನು ಟಾಕೀಸಿನವರು ಪ್ರೀತಿಯಿಂದ ತೋರಿಸುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಪ್ರಚಾರಕ್ಕೆಂದು ಬ್ರಿಟಿಷ್ ಸರ್ಕಾರ 1943ರಲ್ಲಿ ಪ್ರತಿ ಆಟಕ್ಕೂ ಇಂಥ ಚಿತ್ರ ತೋರಿಸಲೇಬೇಕೆಂದು ಕಡ್ಡಾಯ ಮಾಡಿತ್ತು. ಸ್ವತಂತ್ರ ಭಾರತ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಕಟ್ಟಿದಾಗ ಆ ಕಡ್ಡಾಯವನ್ನೂ ಉಳಿಸಿಕೊಂಡಿತು. ಲೈಸೆನ್ಸಿನ ಷರತ್ತಿನಂತೆ ಚಿತ್ರ ತೋರಿಸಬೇಕು, ಗಳಿಕೆಯಲ್ಲಿ ಶೇ. 1ರಷ್ಟು ಬಾಡಿಗೆಯನ್ನೂ ಕಟ್ಟಬೇಕು. ಸಿನಿಮಾ ಮಂದಿ ಕೋರ್ಟಿಗೆ ಹೋದರು. 1999ರಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯವನ್ನೇ ಎತ್ತಿಹಿಡಿಯಿತು. ದೇಶದ ಮೂಲೆಮೂಲೆಯ ಪರದೆಯೂ ಸರ್ಕಾರದ ಕೈಯಲ್ಲಿತ್ತು. ಆದರೆ ಆ ಪರದೆಯ ಮೇಲೆ ಜನ ಕಾಣಿಸುತ್ತಿದ್ದರೇ ಹೊರತು ಮಾತಾಡುತ್ತಿದ್ದುದು ಕಡಿಮೆ. ಅವರ ಪರವಾಗಿ ಆ ಗಂಡುದನಿಯೇ ಮಾತಾಡುತ್ತಿತ್ತು. ಜನ ಎದ್ದು ಹೋಗುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಅವರು ಹೊರಗೆ ನಿಂತು ಸೇದುತ್ತಿದ್ದ ಬೀಡಿಯ ಕಥೆ. ಬೀಡಿ ತಂಬಾಕಿಗೆ ಹೆಸರಾದ ಊರು ಬೆಳಗಾವಿ ಜಿಲ್ಲೆಯ ನಿಪ್ಪಾಣಿ. ಅಲ್ಲಿನ ತಂಬಾಕು ಕಾರ್ಖಾನೆಗಳಲ್ಲಿ ಸೊಪ್ಪನ್ನು ಬಡಿದು, ಜರಡಿ ಹಿಡಿದು, ಹಸನು ಮಾಡುತ್ತಿದ್ದವರು ಹೆಂಗಸರು. ದಿನವಿಡೀ ಮೂಗು ಬಾಯಿಗೆ ತಂಬಾಕಿನ ಧೂಳು, ಪುಡಿಗಾಸಿನ ಕೂಲಿ, ಎದುರು ಮಾತಾಡಿದರೆ ಕೆಲಸವಿಲ್ಲ. ಇದರ ಮೇಲೆ ಮೇಲಿನವರ ಕೈ ಮತ್ತು ಕಣ್ಣಿನ ಕಾಟ. ಇಂಥ ಸುಮಾರು ನಾಲ್ಕು ಸಾವಿರ ಹೆಂಗಸರು ಸಂಘ ಕಟ್ಟಿ ಬೀದಿಗಿಳಿದರು. 1980ರಲ್ಲಿ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ 'ಯುಗಾಂತರ್' ಎಂಬ ತಂಡ ಕಟ್ಟಿದ್ದರು. ಅವರು ನಿಪ್ಪಾಣಿಗೆ ಹೋಗಿ ಆ ಹೆಂಗಸರ ಜೊತೆಗೇ ಕುಳಿತು, ಅವರ ಮಾತು ಕೇಳಿ, 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಇಪ್ಪತ್ತೈದು ನಿಮಿಷದ ಮರಾಠಿ ಚಿತ್ರ ಮಾಡಿದರು. ಹೇಗೆ ಸಂಘಟಿತರಾದೆವು ಎಂಬುದನ್ನು ಹೆಂಗಸರೇ ಕ್ಯಾಮೆರಾದ ಮುಂದೆ ಮತ್ತೊಮ್ಮೆ ಮಾಡಿ ತೋರಿಸಿದರು. ಹಿನ್ನೆಲೆಯ ಗಂಡುದನಿ ಇಲ್ಲಿ ಬಾಯಿ ಮುಚ್ಚಿತ್ತು.

ನಿಪ್ಪಾಣಿ ಎಂದೊಡನೆ ನಮಗೆ ನೆನಪಾಗುವುದು 1981ರ ರೈತ ಚಳವಳಿ, ಶರದ್ ಜೋಶಿ, ಪೊಲೀಸರ ಗುಂಡಿಗೆ ಬಿದ್ದ ರೈತರು. ಅದು ನೆನಪಾಗಬೇಕಾದದ್ದೇ. ಆದರೆ ಅದೇ ಊರಿನಲ್ಲಿ ಅದೇ ಕಾಲದಲ್ಲಿ ನಡೆದ ಹೆಂಗಸರ ಹೋರಾಟಕ್ಕೆ ಕನ್ನಡದ ಚಳವಳಿ ಚರಿತ್ರೆಯಲ್ಲಿ ಸಿಕ್ಕ ಜಾಗ ಚಿಕ್ಕದು. ಆ ಒಂದು ಚಿತ್ರ ಇಲ್ಲದಿದ್ದರೆ ಅವರ ಮುಖಗಳೂ ನಮಗೆ ಉಳಿಯುತ್ತಿರಲಿಲ್ಲ.

ಇಂಥ ಚಿತ್ರ ಹೊಳಲ್ಕೆರೆಯ ಟಾಕೀಸಿಗೆ ಬರುವ ದಾರಿಯೇ ಇರಲಿಲ್ಲ. ಇದು 16 ಮಿ.ಮೀ. ಫಿಲ್ಮು, ಟಾಕೀಸಿನ ಯಂತ್ರ 35 ಮಿ.ಮೀ.ನದು. ಸರ್ಕಾರ ಒಪ್ಪಿದ ಚಿತ್ರಗಳಿಗಷ್ಟೇ ಆ ಹತ್ತು ನಿಮಿಷದಲ್ಲಿ ಜಾಗ. ಯುಗಾಂತರ್ ಚಿತ್ರಗಳು ಪ್ರೊಜೆಕ್ಟರ್ ಹೊತ್ತವರ ಹಿಂದೆ ಕಾರ್ಮಿಕರ ಸಭೆಗಳಿಗೆ, ಮಹಿಳಾ ಸಂಘಟನೆಗಳಿಗೆ ಹೋದವು. ಬೀಡಿ ಸೇದುವವರಿಗೆ ತಂಬಾಕು ತಲುಪಿತು, ಚಿತ್ರ ತಲುಪಲಿಲ್ಲ.

ದೀಪಾ ಧನರಾಜ್ ಅವರ ಮುಂದಿನ ಚಿತ್ರಗಳಲ್ಲಿ ಎರಡು ನಮಗೆ ಇನ್ನೂ ಹತ್ತಿರದವು. 'ಕ್ಯಾ ಹುವಾ ಇಸ್ ಶಹರ್ ಕೋ?' (1986) 1984ರ ಹೈದರಾಬಾದ್ ಗಲಭೆಗಳ ಕುರಿತದ್ದು. ಎನ್.ಟಿ. ರಾಮರಾವ್ ಸರ್ಕಾರ ಉರುಳಿ ಮತ್ತೆ ಎದ್ದ ವರ್ಷವದು. ಮೆರವಣಿಗೆ, ಭಾಷಣ, ಕರ್ಫ್ಯೂ, ಅಂದಿನ ಕೂಲಿ ಅಂದೇ ದುಡಿದು ತಿನ್ನುವವರ ಮನೆಯ ಒಲೆ. ಹೈದರಾಬಾದಿನ ಹಳೇ ಪಟ್ಟಣದ ಮಾತಿಗೂ ನಮ್ಮ ಮನೆಗಳ ದಖ್ಖನಿಗೂ ಅಕ್ಕತಂಗಿಯರ ಸಂಬಂಧ. ಹೀಗಾಗಿ ಅದನ್ನು ದೂರದ ಊರಿನ ಸುದ್ದಿ ಎಂದು ನೋಡುವುದು ನಮಗೆ ಕಷ್ಟ.

ಇನ್ನೊಂದು 2011ರ 'ಇನ್‌ವೋಕಿಂಗ್ ಜಸ್ಟಿಸ್'. ತಮಿಳುನಾಡಿನ ಜಮಾತುಗಳಲ್ಲಿ ಗಂಡಹೆಂಡಿರ ವ್ಯಾಜ್ಯ ತೀರ್ಮಾನ ಮಾಡುವವರು ಗಂಡಸರು. ಯಾರ ತಲಾಖ್ ತೀರ್ಮಾನವಾಗುತ್ತಿದೆಯೋ ಆ ಹೆಂಗಸಿಗೇ ಒಳಗೆ ಪ್ರವೇಶವಿಲ್ಲ. ಪುದುಕೋಟೆಯ ಷರೀಫಾ ಖಾನಂ ಮತ್ತು ಸಂಗಾತಿಯರು 2004ರಲ್ಲಿ ಹೆಂಗಸರದೇ ಜಮಾತ್ ಕಟ್ಟಿದರು. ಚಿತ್ರ ಹೊರಬರುವ ಹೊತ್ತಿಗೆ ಅದು 12 ಜಿಲ್ಲೆಗಳಿಗೆ ಹಬ್ಬಿ, 8,000ಕ್ಕೂ ಹೆಚ್ಚು ವ್ಯಾಜ್ಯ ತೀರಿಸಿತ್ತು. ಇವರು ದೀನನ್ನು ಬಿಟ್ಟು ಹೊರನಡೆದವರಲ್ಲ. ಕುರ್‌ಆನ್ ಕೊಟ್ಟ ಹಕ್ಕು ನಮ್ಮ ಕೈಗೆ ಯಾಕೆ ಬಂದಿಲ್ಲ ಎಂದು ಕೇಳುತ್ತಿರುವವರು.

ಮನೆಯ ಮಾತನ್ನು ಬೀದಿಗೆ ತಂದರೆ ಹೊರಗಿನವರಿಗೆ ಅಸ್ತ್ರ ಕೊಟ್ಟಂತೆ ಎನ್ನುವವರು ನಮ್ಮಲ್ಲಿದ್ದಾರೆ. ಆ ಭಯ ಪೂರ್ತಿ ಸುಳ್ಳಲ್ಲ, ಅಸ್ತ್ರ ಮಾಡಿಕೊಳ್ಳುವವರನ್ನು ನಾವು ಕಂಡಿದ್ದೇವೆ. ಆದರೆ ಆ ಚಿತ್ರದಲ್ಲಿ ಮಾತಾಡುವವರು ನಮ್ಮ ಹೆಣ್ಣುಮಕ್ಕಳೇ. ಅವರನ್ನು ಸುಮ್ಮನಿರಿಸಿದರೆ ಅವರ ಪರವಾಗಿ ಮಾತಾಡಲು ಮತ್ತೆ ಬರುವುದು ಆ ಹಳೇ ಗಂಡುದನಿಯೇ, ಸರ್ಕಾರದ್ದೋ ಟಿ.ವಿ. ಚಾನೆಲ್ಲಿನದ್ದೋ.

ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ವಿಲೀನವಾಯಿತು. ಯುಗಾಂತರ್ ಚಿತ್ರಗಳನ್ನು ದುರಸ್ತಿ ಮಾಡಿ ಡಿಜಿಟಲ್ಲಿಗೆ ತಂದದ್ದು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ. ಚಿತ್ರದುರ್ಗಕ್ಕೆ ಬಂದ ಕ್ಯಾಮೆರಾಗಳು, 1972ರ 'ನಾಗರಹಾವು' ಚಿತ್ರದಿಂದ ಹಿಡಿದು, ಹೆಚ್ಚಾಗಿ ಕೋಟೆ ಹತ್ತಿದವು. ಕೋಟೆಗೇನೂ ಅವಸರವಿಲ್ಲ, ಅದು ನಾಳೆಯೂ ಇರುತ್ತದೆ. ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಬಯಲುಸೀಮೆಯ ಹೆಂಗಸರಿಗೆ ಈಗ ಎಪ್ಪತ್ತು, ಎಂಬತ್ತು. ಅವರ ಮೊಮ್ಮಕ್ಕಳ ಕೈಯಲ್ಲಿ ಕ್ಯಾಮೆರಾ ಇರುವ ಫೋನಿದೆ.