ಹೊಸ ಟರ್ಬೊ ಹ್ಯಾಚ್‌ಬ್ಯಾಕ್ ಮತ್ತು ಎಂಜಿನ್ ತಂಪು: ಹಣ ಹಾಕುವ ಮುನ್ನ



ಈಚೆಗೆ ನಮ್ಮ ಸದಸ್ಯರ ಮಕ್ಕಳು ಕೆಲಸಕ್ಕೆ ಸೇರಿ ಮೊದಲ ಕಾರು ಕೊಳ್ಳುವಾಗ, ಸಾಮಾನ್ಯ ಕಾರಿಗಿಂತ ಚುರುಕಾದ ಟರ್ಬೊ ಹ್ಯಾಚ್‌ಬ್ಯಾಕ್ ಕಡೆಗೆ ಒಲವು ತೋರುತ್ತಿದ್ದಾರೆ. ಕಾರು ಬುಕ್ ಆದ ಬೆನ್ನಿಗೇ ಇನ್ನೊಂದು ಪ್ರಶ್ನೆ ಸಂಘಕ್ಕೆ ಬರುತ್ತದೆ. ದೊಡ್ಡ ಇಂಟರ್‌ಕೂಲರ್ ಹಾಕಿಸಬೇಕೇ? ರೇಡಿಯೇಟರ್ ಬದಲಿಸಬೇಕೇ? ಆಯಿಲ್ ಕೂಲರ್ ಬೇಕೇ? ಬಿಡಿಭಾಗದ ಅಂಗಡಿಯವರು ಬೇಕೇ ಬೇಕು ಎನ್ನುತ್ತಾರೆ. ಮನೆಯ ಹಿರಿಯರು ಹೊಸ ಗಾಡಿಯನ್ನು ಬಿಚ್ಚಿಸಬೇಡ ಎನ್ನುತ್ತಾರೆ. ಕಂತು ಕಟ್ಟುವವರು ಮಾತ್ರ ನಡುವೆ ಸಿಕ್ಕಿಕೊಂಡಿರುತ್ತಾರೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ರಸ್ತೆಯಲ್ಲಷ್ಟೇ ಓಡಿಸುವ ಹೊಸ ಕಾರಿಗೆ, ಕೊಂಡ ವರ್ಷವೇ ತಂಪಿನ ಸಾಮಗ್ರಿ ಹಾಕಿಸುವ ಅಗತ್ಯ ಬಹುಪಾಲು ಯಾರಿಗೂ ಇಲ್ಲ. ನಮ್ಮ ಗಡಿ ಊರುಗಳ ಬಿಸಿಲು, ಘಾಟಿ, ಗಡಸು ನೀರು ಇವುಗಳಿಂದ ಕಾರಿಗೆ ಬರುವ ತೊಂದರೆಗೆ ಮದ್ದು ಬೇರೆಯೇ ಇದೆ, ಅದಕ್ಕೆ ಖರ್ಚೂ ಕಡಿಮೆ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಯಾವ ಕಾರುಗಳ ಮಾತು

ಹುಂಡೈ ಐ20 ಎನ್ ಲೈನ್ 2021ರಲ್ಲಿ ಬಂತು. 998 ಸಿಸಿ ಟರ್ಬೊ ಎಂಜಿನ್, 120 ಪಿಎಸ್ ಶಕ್ತಿ. ಟಾಟಾ ಆಲ್ಟ್ರೋಜ್ ರೇಸರ್ 2024ರಲ್ಲಿ ಬಂತು, ಅದಕ್ಕೂ 120 ಪಿಎಸ್. ಇವಕ್ಕೆ ಮುಂಚಿನ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ತಯಾರಿಕೆ 2022ರಲ್ಲಿ ನಿಂತರೂ ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ ಇಂದಿಗೂ ಬೇಡಿಕೆ ಉಳಿಸಿಕೊಂಡಿದೆ. 2025ರಲ್ಲಿ ಆಮದಾಗಿ ಬಂದ ಗಾಲ್ಫ್ ಜಿಟಿಐ 265 ಪಿಎಸ್‌ನದು, ಬೆಲೆ ಶೋರೂಮಿನಲ್ಲೇ 53 ಲಕ್ಷದ ಆಸುಪಾಸು. ಅದನ್ನು ಕೊಳ್ಳುವ ಸದಸ್ಯರಿದ್ದರೆ ಸಂಘದ ಕಟ್ಟಡ ನಿಧಿಯ ನೆನಪೂ ಇರಲಿ.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ, ಉದ್ದ 4 ಮೀಟರ್ ಮೀರದ, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದ ಕಾರಿಗೆ ಜಿಎಸ್‌ಟಿ ಶೇ. 18 ಆಗಿದೆ. ಎರಡರಲ್ಲಿ ಒಂದು ಮೀರಿದರೂ ಶೇ. 40. ಚಿಕ್ಕ ಟರ್ಬೊ ಹ್ಯಾಚ್‌ಬ್ಯಾಕ್‌ಗಳು ಮೊದಲ ಗುಂಪಿಗೆ ಸೇರುತ್ತವೆ.

ಬಿಸಿ ಎಲ್ಲಿಂದ ಬರುತ್ತದೆ

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಉಳಿದದ್ದು ಹೊಗೆಕೊಳವೆಯಿಂದ, ರೇಡಿಯೇಟರಿನಿಂದ ಶಾಖವಾಗಿ ಹೊರಹೋಗುತ್ತದೆ. ಟರ್ಬೊ ಇದ್ದರೆ ಇನ್ನೊಂದು ಬಿಸಿಯೂ ಸೇರುತ್ತದೆ. ಎಂಜಿನ್ನಿನ ಹೊಗೆಯ ರಭಸದಿಂದ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಪುಟ್ಟ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆ ಇದನ್ನು ಹೇಳಬೇಕಿಲ್ಲ. ಲೆಕ್ಕ ಹಾಕಿದರೆ, 40 ಡಿಗ್ರಿ ಬಿಸಿಲಿನ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಏರಿಸಿದಾಗ ಅದು ಯಾವ ನಷ್ಟವೂ ಇಲ್ಲದಿದ್ದರೂ 108 ಡಿಗ್ರಿ ಮುಟ್ಟುತ್ತದೆ, ನಿಜವಾದ ಟರ್ಬೊದಲ್ಲಿ ಇನ್ನೂ ಹೆಚ್ಚು.

ಅಷ್ಟು ಬಿಸಿ ಗಾಳಿ ನೇರ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಸಮಯಕ್ಕೆ ಮುಂಚೆಯೇ ಸಿಡಿಯುತ್ತದೆ. ನಾವು ನಾಕಿಂಗ್ ಎನ್ನುವುದು ಇದಕ್ಕೇ. ಆದ್ದರಿಂದ ನಡುವೆ ಇಂಟರ್‌ಕೂಲರ್ ಇಟ್ಟು ಗಾಳಿಯನ್ನು ತಂಪು ಮಾಡುತ್ತಾರೆ. ಅದೂ ಸಾಲದಾದಾಗ ಎಂಜಿನ್ನಿನ ಕಂಪ್ಯೂಟರ್ ಕಿಡಿ ಹೊಡೆಯುವುದನ್ನು ತುಸು ತಡಮಾಡಿ, ಟರ್ಬೊ ಒತ್ತಡ ಇಳಿಸಿ ಎಂಜಿನ್ನನ್ನು ಕಾಪಾಡಿಕೊಳ್ಳುತ್ತದೆ. ಸೊಲ್ಲಾಪುರದ ಮೇ ತಿಂಗಳ ಮಧ್ಯಾಹ್ನ ಕಾರು ಸ್ವಲ್ಪ ಮಂಕಾಗಿದೆ ಎನಿಸಿದರೆ ಅದು ರೋಗವಲ್ಲ, ಈ ಎಚ್ಚರಿಕೆ.

ಹೀಗೆ ತಂಪಿನ ವ್ಯವಸ್ಥೆ ಒಂದಲ್ಲ, ಹಲವು. ಎಂಜಿನ್ನಿಗೆ ಕೂಲೆಂಟ್ ಮತ್ತು ರೇಡಿಯೇಟರ್, ಒಳಹೋಗುವ ಗಾಳಿಗೆ ಇಂಟರ್‌ಕೂಲರ್, ಎಣ್ಣೆಗೆ ಕೆಲವು ಕಾರುಗಳಲ್ಲಿ ಪ್ರತ್ಯೇಕ ಕೂಲರ್. ಒಂದರ ತೊಂದರೆಗೆ ಇನ್ನೊಂದನ್ನು ಬದಲಿಸಿ ಹಣ ಕಳೆದುಕೊಳ್ಳುವುದು ಸಾಮಾನ್ಯ.

ದೊಡ್ಡ ರೇಡಿಯೇಟರ್, ಇಂಟರ್‌ಕೂಲರ್, ಆಯಿಲ್ ಕೂಲರ್

ರೇಡಿಯೇಟರ್ ದೊಡ್ಡದಾದರೆ ಎಂಜಿನ್ ಹೆಚ್ಚು ತಂಪಾಗಿ ಓಡುತ್ತದೆ ಎಂಬ ನಂಬಿಕೆ ಇದೆ. ಹಾಗಾಗುವುದಿಲ್ಲ. ಎಂಜಿನ್ ಎಷ್ಟು ಬಿಸಿಯಿರಬೇಕೆಂದು ನಿರ್ಧರಿಸುವುದು ಥರ್ಮೋಸ್ಟಾಟ್. ಅದು ನಿಗದಿತ ತಾಪಕ್ಕೆ ಬಂದಾಗಷ್ಟೇ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುತ್ತದೆ. ದೊಡ್ಡ ರೇಡಿಯೇಟರ್ ಕೊಡುವುದು ಹೆಚ್ಚುವರಿ ಮೀಸಲು ಮಾತ್ರ. ಆ ಮೀಸಲು ಬೇಕಾಗುವುದು ರೇಸ್ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆಯುವವರಿಗೆ. ಇಲ್ಲೇ ಒಂದು ಎಚ್ಚರಿಕೆ: ಬಿಸಿಲ ಸೀಮೆಯ ಕೆಲವು ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಹಳೆಯ ಪದ್ಧತಿ ಉಳಿದಿದೆ. ಕಿತ್ತರೆ ಎಂಜಿನ್ ಸದಾ ಅರೆಬಿಸಿಯಲ್ಲಿ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹೊಸ ಕಾರಿನಲ್ಲಿ ಇದಕ್ಕೆ ಒಪ್ಪಲೇಬೇಡಿ.

ಇಂಟರ್‌ಕೂಲರಿನ ಮಾತು ಬೇರೆ. ಟರ್ಬೊ ಕಾರಿನಲ್ಲಿ ಬದಲಾವಣೆಯಿಂದ ನಿಜವಾದ ಲಾಭ ಕಾಣಬಹುದಾದ ಜಾಗವಿದ್ದರೆ ಇದೇ. ಪದೇ ಪದೇ ಪೂರ್ತಿ ವೇಗ ಹೆಚ್ಚಿಸಿದಾಗ ಕಂಪನಿಯ ಚಿಕ್ಕ ಇಂಟರ್‌ಕೂಲರ್ ಕಾದು ಕೂರುತ್ತದೆ. ದೊಡ್ಡದು ಹೆಚ್ಚು ಹೊತ್ತು ತಡೆಯುತ್ತದೆ. ಆದರೆ ದೊಡ್ಡ ಪೆಟ್ಟಿಗೆ ತುಂಬಲು ಗಾಳಿಯೂ ಹೆಚ್ಚು ಬೇಕು, ಆಕ್ಸಿಲರೇಟರ್ ತುಳಿದಾಗ ಪ್ರತಿಕ್ರಿಯೆ ತುಸು ನಿಧಾನವಾಗಬಹುದು. ಎಸಿ ಕಂಡೆನ್ಸರ್, ರೇಡಿಯೇಟರ್‌ಗಳ ಮುಂದೆ ಅಡ್ಡ ನಿಂತರೆ ಅವಕ್ಕೆ ಹೋಗುವ ಗಾಳಿಯೂ ತಗ್ಗುತ್ತದೆ. ಎಂದರೆ ಗಾಳಿಯನ್ನು ತಂಪು ಮಾಡಲು ಹೋಗಿ ಎಂಜಿನ್ನನ್ನು ಬಿಸಿ ಮಾಡಿಕೊಂಡ ಹಾಗೆ. ಪೋಲೊದ ಟಿಎಸ್‌ಐ ಎಂಜಿನ್ನುಗಳಲ್ಲಿ ಇಂಟರ್‌ಕೂಲರ್ ನೀರಿನಿಂದ ತಂಪಾಗುವಂಥದ್ದು, ಗಾಳಿ ಒಳಹೋಗುವ ಮ್ಯಾನಿಫೋಲ್ಡಿನೊಳಗೇ ಕೂತಿರುತ್ತದೆ. ಅದಕ್ಕೆ ಮುಂದಿನ ಬಂಪರಿನ ಹಿಂದೆ ಕಟ್ಟುವ ಸಾಮಾನ್ಯ ಕಿಟ್ ನೇರ ಹೊಂದುವುದಿಲ್ಲ. ತಮ್ಮ ಕಾರಿನಲ್ಲಿ ಯಾವ ಬಗೆ ಇದೆ ಎಂದು ತಿಳಿಯದೆ ಯಾರ ಮಾತಿಗೂ ಮುಂಗಡ ಕೊಡಬೇಡಿ.

ಆಯಿಲ್ ಕೂಲರ್ ಟ್ರ್ಯಾಕಿಗೆ ಹೋಗುವವರಿಗೆ ಸರಿ. ಆದರೆ ಥರ್ಮೋಸ್ಟಾಟ್ ಇಲ್ಲದ ಅಗ್ಗದ ಕಿಟ್ ಹಾಕಿ ಊಟಿಯ ಚಳಿಯ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿಬಂದರೆ ಎಣ್ಣೆ ಕಾಯುವುದೇ ಇಲ್ಲ. ಎಣ್ಣೆ ಕಾಯದಿದ್ದರೆ ಅದರೊಳಗೆ ಸೇರಿದ ನೀರಿನಂಶ, ಪೆಟ್ರೋಲಿನಂಶ ಆವಿಯಾಗದೆ ಉಳಿದು ಎಣ್ಣೆ ಕೆಡುತ್ತದೆ. ಅದಕ್ಕಿಂತ ಕಂಪನಿ ಹೇಳಿದ ದರ್ಜೆಯ ಸಿಂಥೆಟಿಕ್ ಎಣ್ಣೆಯನ್ನು ಅವಧಿಗೆ ಮುಂಚೆಯೇ ಬದಲಿಸುವುದು ಒಳ್ಳೆಯದು. ಖರ್ಚೂ ಅದರ ಸಣ್ಣ ಪಾಲು.

ನಮ್ಮ ರಸ್ತೆಗಳು

ತಾಳವಾಡಿ ಸದಸ್ಯರು ಸತ್ಯಮಂಗಲಕ್ಕೆ ಇಳಿದು ಹತ್ತುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿಯಲ್ಲಿ 36. ವಯನಾಡಿನವರು ಕೋಳಿಕ್ಕೋಡಿಗೆ ಹೋಗುವ ತಾಮರಶ್ಶೇರಿ ಚುರದಲ್ಲಿ ತಿರುವು 9 ಮಾತ್ರ, ಆದರೆ ವಾಹನ ಸಾಲುಗಟ್ಟಿದರೆ ಒಂದು ತಿರುವಿಗೆ ಅರ್ಧ ಗಂಟೆಯೂ ಹಿಡಿದೀತು. ಇಂಥ ಏರಿನಲ್ಲಿ ಲಾರಿಯ ಹಿಂದೆ ತೆವಳುವಾಗ ಮೊದಲು ಬಿಸಿಯಾಗುವುದು ಎಂಜಿನ್ ಅಲ್ಲ, ಕ್ಲಚ್. ಐ20 ಎನ್ ಲೈನ್‌ನ ಡಿಸಿಟಿ, ಪೋಲೊ 1.2 ಜಿಟಿ ಟಿಎಸ್‌ಐಯ ಡಿಎಸ್‌ಜಿ ಎರಡೂ ಒಣ ಕ್ಲಚ್ಚಿನ ಗೇರ್‌ಬಾಕ್ಸುಗಳು. ಎಣ್ಣೆಯಲ್ಲಿ ಮುಳುಗಿರದ ಈ ಕ್ಲಚ್ಚು ಏರಿನಲ್ಲಿ ಇಂಚಿಂಚು ಸರಿಯುವಾಗ ಜಾರುತ್ತಾ ಕಾಯುತ್ತದೆ. ಯಾವ ಇಂಟರ್‌ಕೂಲರೂ ರೇಡಿಯೇಟರೂ ಅದಕ್ಕೆ ನೆರವಾಗದು. ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಒತ್ತಿ ನಿಲ್ಲಿ. ಮುಂದಿನ ವಾಹನ ಒಂದಿಷ್ಟು ದೂರ ಹೋದ ಮೇಲೆ ಒಮ್ಮೆಗೇ ಸಾಗಿ. ದಿನಾ ಘಾಟಿ ಹತ್ತುವವರಿಗೆ ನಾವು ಮ್ಯಾನುಯಲ್ ಗೇರಿನ ಕಾರನ್ನೇ ಸೂಚಿಸುತ್ತೇವೆ. ಆಲ್ಟ್ರೋಜ್ ರೇಸರ್ ಬಂದದ್ದೇ 6 ಗೇರಿನ ಮ್ಯಾನುಯಲ್ ಆಗಿ, ಐ20 ಎನ್ ಲೈನ್‌ಗೂ 2023ರಿಂದ ಅದು ಸಿಗುತ್ತದೆ.

ಎತ್ತರದ ಪರಿಣಾಮವೂ ಇದೆ. 2,240 ಮೀಟರ್ ಎತ್ತರದ ಊಟಿಯಲ್ಲಿ ಬರಿಯ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಸರಿಯಾದ ಕೂಲೆಂಟ್ ಮಿಶ್ರಣ, ಬಿಗಿಯಾದ ಒತ್ತಡದ ಮುಚ್ಚಳ ಇವೆರಡಿದ್ದರೆ ಕುದಿಯುವ ಬಿಂದು 120 ಡಿಗ್ರಿ ದಾಟುತ್ತದೆ. ಮುಚ್ಚಳದ ರಬ್ಬರು ಹಳಸಿದರೆ ಈ ರಕ್ಷಣೆ ಹೋಯಿತು. ಇಷ್ಟು ದೊಡ್ಡ ಕೆಲಸ ಮಾಡುವ ಇಷ್ಟು ಅಗ್ಗದ ಭಾಗ ಕಾರಿನಲ್ಲಿ ಇನ್ನೊಂದಿಲ್ಲ.

ಆದವಾನಿ, ರಾಯದುರ್ಗ, ಮಡಕಶಿರಾ, ಜತ್ತ ಕಡೆಯ ಸದಸ್ಯರಿಗೆ ಮುಖ್ಯವಾದದ್ದು ನೀರು. ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿದರೆ, ಮನೆಯ ಗೀಸರಿನಲ್ಲಿ ಕಟ್ಟುವ ಬಿಳಿ ಪದರ ಅಲ್ಲೂ ಕಟ್ಟುತ್ತದೆ. ಸಣ್ಣ ಟರ್ಬೊ ಎಂಜಿನ್ನಿನ ಕಿರಿದಾದ ದಾರಿಗಳಿಗೆ ಅದು ಹೃದಯದ ರಕ್ತನಾಳ ಕಟ್ಟಿದ ಹಾಗೆ. ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ. ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಬಳಸಿ. ಹಸಿರು, ಗುಲಾಬಿ, ನೀಲಿ ಎಂದು ಬಣ್ಣ ನೋಡಿ ಬೆರೆಸಬೇಡಿ, ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಕಾಸರಗೋಡು, ಗೋವೆಯ ಕಡಲಂಚಿನವರು ರೇಡಿಯೇಟರಿನ ಅಲ್ಯೂಮಿನಿಯಂ ಎಸಳುಗಳನ್ನು ಉಪ್ಪುಗಾಳಿ ತಿನ್ನದಂತೆ ಆಗಾಗ ಮೆಲುವಾದ ಧಾರೆಯ ಸಿಹಿನೀರಿನಲ್ಲಿ ತೊಳೆಸುವುದು ಒಳ್ಳೆಯದು.

ಅಳೆಯಿರಿ, ಆಮೇಲೆ ಹಣ

ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಬಿಸಿ ಮುಳ್ಳು ಪೂರ್ತಿ ಸತ್ಯ ಹೇಳುವುದಿಲ್ಲ. ಚಾಲಕರು ಗಾಬರಿಯಾಗಬಾರದೆಂದು, ತಾಪ ಸುರಕ್ಷಿತ ಮಿತಿಯೊಳಗೆ ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಒಬಿಡಿ ರೀಡರ್ ಎಂಬ ಪುಟ್ಟ ಸಾಧನವನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಕೂಲೆಂಟಿನ ತಾಪ, ಒಳಹೋಗುವ ಗಾಳಿಯ ತಾಪ ಎರಡೂ ಮೊಬೈಲಿನಲ್ಲಿ ಕಾಣುತ್ತವೆ. ಬೇಸಿಗೆಯ ಒಂದು ತಿಂಗಳು ತಮ್ಮ ದಿನನಿತ್ಯದ ದಾರಿಯಲ್ಲಿ ನೋಡಿ ಬರೆದಿಡಿ. ಸಿಗ್ನಲ್ಲಿನಲ್ಲಿ ನಿಂತಾಗ ಗಾಳಿಯ ತಾಪ ಏರಿ, ಹೊರಟ ಮೇಲೆ ಇಳಿದರೆ ಅದು ಸಹಜ. ಓಡುತ್ತಿರುವಾಗಲೂ ಇಳಿಯದೆ ಏರುತ್ತಲೇ ಇದ್ದರೆ ಆಗ ಇಂಟರ್‌ಕೂಲರಿನ ಮಾತು ಎತ್ತಬಹುದು. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿಗೆ ಹೋಗುವ ಹುಡುಗರಿಗೆ ಆ ಅಂಕಿಗಳು ಬೇಗನೇ ಸಿಗುತ್ತವೆ. ಅಲ್ಲಿಗೆ ಹೋಗುವವರು ಮೊದಲು ಬ್ರೇಕ್ ದ್ರವವನ್ನೂ ಹೊಸದಾಗಿ ತುಂಬಿಸಲಿ, ಹಳೆಯದು ತೇವ ಹೀರಿಕೊಂಡು ಬೇಗ ಕುದಿಯುತ್ತದೆ.

ಕಾಗದಪತ್ರ

ಈ ವಿಷಯದಲ್ಲಿ ನಾವು ಸ್ವಲ್ಪ ಕಟ್ಟುನಿಟ್ಟು, ಕಚೇರಿಯಲ್ಲಿ ಕಡತ ನೋಡಿದ ಅಭ್ಯಾಸ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಆರ್‌ಸಿಯಲ್ಲಿನ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಬಂಪರ್ ಕತ್ತರಿಸಿ ಕೂರಿಸುವ ಕಿಟ್, ಎಂಜಿನ್ ಶಕ್ತಿ ಹೆಚ್ಚಿಸುವ ಕಂಪ್ಯೂಟರ್ ಬದಲಾವಣೆ ಇವುಗಳ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ. ವಾರಂಟಿ ಉಳಿಯುತ್ತದೆಯೇ ಎಂಬುದಕ್ಕೆ ಡೀಲರರಿಂದ ಲಿಖಿತ ಉತ್ತರ ಪಡೆಯಿರಿ. ಸೇಲ್ಸ್ ಹುಡುಗರ "ಏನೂ ಆಗಲ್ಲ ಸಾರ್" ಎಂಬುದು ಉತ್ತರವಲ್ಲ. ವಿಮಾ ಕಂಪನಿಗೂ ಪತ್ರದ ಮೂಲಕ ತಿಳಿಸಿ.

ಗಡಿ ಊರಿನವರಿಗೆ ಇನ್ನೊಂದು. ಹೊಸೂರಿನವರು ಬೆಂಗಳೂರಿನಲ್ಲಿ ಕಾರು ಕೊಳ್ಳಬಹುದು, ಆದರೆ ನೋಂದಣಿ ಆಗಬೇಕಾದದ್ದು ತಾವು ವಾಸವಿರುವ ಅಥವಾ ವ್ಯವಹಾರವಿದ್ದು ವಾಹನ ಸಾಮಾನ್ಯವಾಗಿ ಇರುವ ರಾಜ್ಯದಲ್ಲಿ. ತೆರಿಗೆ ಉಳಿಸಲು ಆಚೆಯ ರಾಜ್ಯದ ಬಂಧುಗಳ ವಿಳಾಸ ಕೊಡುವ ಚಾಳಿ ಬೇಡ. ಬೇರೆ ರಾಜ್ಯದ ನೋಂದಣಿಯ ಗಾಡಿಯನ್ನು 12 ತಿಂಗಳಿಗೂ ಮೀರಿ ಇಟ್ಟುಕೊಂಡರೆ ಹೊಸ ನೋಂದಣಿ ಮಾಡಿಸಲೇಬೇಕು, ಅಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅಪಘಾತವಾಗಿ ವಿಮೆ ಕೇಳುವ ದಿನ ಆ ವಿಳಾಸವೇ ಮೊದಲ ಪ್ರಶ್ನೆಯಾದೀತು.

ಘಾಟಿಯಲ್ಲಿ ಬಿಸಿಯ ಕೆಂಪು ದೀಪ ಹೊತ್ತಿದರೆ

ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನ್ ಜೋರು ಮಾಡಿ. ಎಂಜಿನ್ನಿನ ಶಾಖ ಸ್ವಲ್ಪ ಒಳಗೆ ಬರುತ್ತದೆ, ಸೆಕೆಯಾದರೂ ಸಹಿಸಿಕೊಳ್ಳಿ. ಮೊದಲು ಸಿಕ್ಕ ಸಮತಟ್ಟಾದ ಜಾಗದಲ್ಲಿ, ತಿರುವಿನಿಂದ ದೂರ, ನಿಲ್ಲಿಸಿ ಎಂಜಿನ್ ಆರಿಸಿ. ಮಕ್ಕಳನ್ನು ರಸ್ತೆಯ ಬದಿಯಲ್ಲಲ್ಲ, ಬೆಟ್ಟದ ಬದಿಯಲ್ಲಿ ಇಳಿಸಿ. ಆರಿಸಿದ ಮೇಲೂ ಮುಂದೆ ಫ್ಯಾನ್ ತಿರುಗುವ ಸದ್ದು ಬಂದರೆ ಹೆದರಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ. ಕೂಲೆಂಟಿನ ಮುಚ್ಚಳವನ್ನು ಮಾತ್ರ ಮುಟ್ಟಬೇಡಿ. ಒತ್ತಡದಲ್ಲಿ 100 ಡಿಗ್ರಿಗೂ ಮೇಲಿರುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾದು, ಕೈಗೆ ಬಿಸಿ ತಾಗದಂತಾದ ಮೇಲೆ ತೊಟ್ಟಿಯ ಹೊರಗಿನ ಗುರುತು ನೋಡಿ. ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಆಗ ಗಾಡಿಯನ್ನು ಓಡಿಸಿಕೊಂಡು ಹೋಗುವುದು ಬೇಡ, ಕಂಪನಿಯ ರಸ್ತೆ ಸಹಾಯಕ್ಕೆ ಕರೆ ಮಾಡಿ. ಹೊಸ ಕಾರಿನ ಕಾಗದಗಳ ಜೊತೆ ಕೊಟ್ಟ ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಮಾತ್ರವಲ್ಲದೆ ಒಂದು ಚೀಟಿಯಲ್ಲೂ ಬರೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಡಿ, ಘಾಟಿಯಲ್ಲಿ ಮೊಬೈಲಿನ ಚಾರ್ಜನ್ನು ನಂಬುವಂತಿಲ್ಲ.