ಊರ ಮೇಲೆ ಬಿದ್ದ ದಂಡು

ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಮನೆತನಗಳಲ್ಲಿ ನರಕ ಚತುರ್ದಶಿಯಂದು ಹಬ್ಬವಿಲ್ಲ. ನಾಡೆಲ್ಲ ಎಣ್ಣೆ ಸ್ನಾನ ಮಾಡಿ ದೀಪ ಹಚ್ಚುವ ದಿನ ಅವರಿಗೆ ಸೂತಕದ ದಿನ. ಟಿಪ್ಪು ಸುಲ್ತಾನನ ಕಾಲದಲ್ಲಿ ತಮ್ಮ ಪೂರ್ವಿಕರು ನೂರಾರು ಮಂದಿ ಅಂದು ಕೊಲೆಯಾದರೆಂಬುದು ತಲೆಮಾರಿನಿಂದ ತಲೆಮಾರಿಗೆ ಬಂದ ನೆನಪು. ಘಟನೆಯ ವರ್ಷ ಮತ್ತು ಸತ್ತವರ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಮಕಾಲೀನ ದಾಖಲೆ ಎಲ್ಲಿದೆ ಎಂದು ಕೇಳುವವರೂ ಇದ್ದಾರೆ. ಆದರೆ ಹಿನ್ನೆಲೆ ಸ್ಪಷ್ಟ. ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಪ್ರಧಾನ ತಿರುಮಲರಾಯ 1782ರಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡಿದ್ದ. ಒಡೆಯರ ಮನೆತನಕ್ಕೆ ಗದ್ದುಗೆ ಮರಳಿ ಕೊಡಿಸುವುದು ಅದರ ಉದ್ದೇಶ. ಅಧಿಕಾರದಲ್ಲಿದ್ದವರ ಕಣ್ಣಿಗೆ ಅದು ರಾಜದ್ರೋಹ. ಒಬ್ಬನ ದ್ರೋಹಕ್ಕೆ ಬಳಗವೆಲ್ಲ ತಲೆ ತೆತ್ತಿತು ಎನ್ನುತ್ತದೆ ಮೇಲುಕೋಟೆಯ ನೆನಪು.

ಈ ನೆನಪಿನಲ್ಲಿ ಕತ್ತಿ ಎತ್ತಿದವರು ಪರದೇಶದ ಸೈನಿಕರಲ್ಲ, ತಮ್ಮದೇ ರಾಜ್ಯದ ಆಳುಗಳು. ಅಂಥವರನ್ನು ಏನೆಂದು ಕರೆಯಬೇಕು? ಒಂದು ದೇಶದ ಸೈನಿಕನನ್ನು ಭಯೋತ್ಪಾದಕ ಎನ್ನುವುದು ನ್ಯಾಯವೇ? ಈ ಪ್ರಶ್ನೆ ಕೇಳಿದೊಡನೆ ಒಬ್ಬರು ದೇಶದ್ರೋಹದ ಮಾತೆತ್ತುತ್ತಾರೆ, ಇನ್ನೊಬ್ಬರು ಸೈನ್ಯವೆಂದರೆ ಹಿಂಸೆಯೇ ಎಂದು ಕೈ ತೊಳೆದುಕೊಳ್ಳುತ್ತಾರೆ. ಇಬ್ಬರೂ ಆ ಪದ ಎಲ್ಲಿಂದ ಬಂತೆಂದು ಯೋಚಿಸಿದಂತಿಲ್ಲ.

ಪದ ಹುಟ್ಟಿದ್ದು ಫ್ರಾನ್ಸಿನಲ್ಲಿ. 1793ರಿಂದ 1794ರ ಜುಲೈವರೆಗೆ ಅಲ್ಲಿ ಆಳಿದ ಜಾಕೋಬಿನ್ನರು ತಮ್ಮ ವಿರೋಧಿಗಳನ್ನು ಸಾವಿರಗಟ್ಟಲೆ ಗಿಲೊಟಿನ್‌ಗೆ ಕಳಿಸಿದರು. ಅವರು ಪದಚ್ಯುತರಾದ ಮೇಲೆ ಅವರಿಗೆ ಅಂಟಿದ ಹೆಸರು 'ಟೆರರಿಸ್ಟ್'. ಫ್ರೆಂಚ್ ಅಕಾಡೆಮಿಯ ನಿಘಂಟಿನ 1798ರ ಅನುಬಂಧದಲ್ಲಿ 'ಟೆರರಿಸಂ' ಎಂಬುದಕ್ಕೆ ಕೊಟ್ಟ ಅರ್ಥ ಭಯದ ಆಳ್ವಿಕೆ ಎಂದು. ಬಾಂಬು ಹಿಡಿದು ಕತ್ತಲಲ್ಲಿ ಅಡಗಿದವನಲ್ಲ, ಮುದ್ರೆ ಒತ್ತಿ ಹಗಲಿನಲ್ಲಿ ಆಜ್ಞೆ ಹೊರಡಿಸಿದವನೇ ಮೊದಲ ಭಯೋತ್ಪಾದಕ.

ಅದೇ ಕಾಲಕ್ಕೆ ಫ್ರೆಂಚರ ಒಂದು ತುಕಡಿ ನಮ್ಮಲ್ಲೂ ಇತ್ತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದಲೇ ಹಿರೋಡೆಗೆ ಇಂಗ್ಲಿಷರು 'ಫ್ರೆಂಚ್ ರಾಕ್ಸ್' ಎಂದು ಹೆಸರಿಟ್ಟರು. ಅದು ಇಂದಿನ ಪಾಂಡವಪುರ. ಈ ಫ್ರೆಂಚರು 1797ರಲ್ಲಿ ಶ್ರೀರಂಗಪಟ್ಟಣದಲ್ಲಿ ಜಾಕೋಬಿನ್ ಕ್ಲಬ್ ಸ್ಥಾಪಿಸಿ 'ಸ್ವಾತಂತ್ರ್ಯದ ಮರ' ನೆಟ್ಟರೆಂದು, ಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಗೆದ್ದವರು ಹೊರತಂದ ಆ ಪತ್ರಗಳನ್ನು ಅನುಮಾನಿಸುವ ಇತಿಹಾಸಕಾರರೂ ಉಂಟು.

ಪದದ ಹಂಗಿಲ್ಲದೆಯೇ ಈ ಸೀಮೆ ಭಯವನ್ನು ಬಲ್ಲದು. 1771ರ ಮಾರ್ಚಿನಲ್ಲಿ ತ್ರ್ಯಂಬಕರಾಯನ ಮರಾಠಾ ಸೈನ್ಯ ಮೋತಿತಲಾಬ್, ಅಂದರೆ ತೊಣ್ಣೂರು ಕೆರೆಯ ಆಸುಪಾಸಿನ ಚಿನಕುರಳಿಯ ಬಳಿ ಹೈದರನನ್ನು ಸೋಲಿಸಿತು. ಗೆದ್ದ ದಂಡು ಮೇಲುಕೋಟೆಯನ್ನು ಸೂರೆ ಮಾಡಿತು. ಕಬ್ಬಿಣದ ಪಟ್ಟಿಗಳಿಗಾಗಿ ಚೆಲುವನಾರಾಯಣನ ಮರದ ತೇರಿಗೇ ಬೆಂಕಿಯಿಟ್ಟರು. ಬೆಂಕಿ ಗುಡಿಯ ಕಟ್ಟಡಗಳಿಗೂ ಹಬ್ಬಿತು. ಬೆಂಕಿಯಿಟ್ಟವರಲ್ಲಿ ವಿಷ್ಣುವಿನ ಭಕ್ತರೇನು ಕಡಿಮೆಯಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1791ರಲ್ಲಿ, ಮರಾಠಾ ಕುದುರೆ ಸವಾರರು ಶೃಂಗೇರಿ ಮಠವನ್ನು ದೋಚಿದರು. ಆಗ ಮಠಕ್ಕೆ ನೆರವು ಕಳಿಸಿದವನು ಟಿಪ್ಪು. ಆ ಪತ್ರಗಳು ಮಠದಲ್ಲಿ ಸಿಕ್ಕಿವೆ. ಮೇಲುಕೋಟೆಯ ಸೂತಕವನ್ನೂ ಶೃಂಗೇರಿಯ ಪತ್ರಗಳನ್ನೂ ಒಂದೇ ಕೈಯಲ್ಲಿ ಹಿಡಿಯಲಾರದವರು ಒಂದನ್ನು ಕೆಳಗೆ ಹಾಕಿಬಿಡುತ್ತಾರೆ.

ಈ ಸೂರೆಗೆ ಕ್ರೌರ್ಯವೊಂದೇ ಕಾರಣವಲ್ಲ, ಅದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಮರಾಠರ ಹಿಂದೆ ಬರುತ್ತಿದ್ದ ಪಿಂಡಾರಿಗಳಿಗೆ ಸಂಬಳವಿರಲಿಲ್ಲ, ದೋಚಿದ್ದೇ ಕೂಲಿ. ಹೈದರ್ ಮೇಲೇರುತ್ತಿದ್ದ ದಿನಗಳಲ್ಲಿ ಕಟ್ಟಿಕೊಂಡ ಬೇಡರ ಪಡೆಗೂ ಇದೇ ಏರ್ಪಾಡು, ಕೊಳ್ಳೆಯಲ್ಲಿ ಅರ್ಧ ಒಡೆಯನಿಗೆ, ಅರ್ಧ ಆಳಿಗೆ. ಖಜಾನೆಯಿಂದ ಹಣ ಕೊಡದೆ ದಂಡು ಸಾಕುವ ರಾಜ ತನ್ನ ಖರ್ಚನ್ನು ರೈತನ ಹಗೇವಿಗೆ ವರ್ಗಾಯಿಸುತ್ತಾನೆ, ಅಷ್ಟೆ.

ಇನ್ನು 1791ರ ಬೇಸಿಗೆಯ ಕಥೆ ಬೇರೆ. ಬೆಂಗಳೂರನ್ನು ಮಾರ್ಚಿನಲ್ಲಿ ಗೆದ್ದ ಲಾರ್ಡ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಹಿಡಿದದ್ದು ಕನಕಾನಹಳ್ಳಿಯ ದಾರಿ. ಟಿಪ್ಪುವಿನ ಆಳುಗಳು ಮುಂದಾಗಿಯೇ ಹೋಗಿ ದಾರಿಯ ಹಳ್ಳಿಗಳ ಹುಲ್ಲು ಬಣವೆ ಸುಟ್ಟರು, ಜನ-ದನಗಳನ್ನು ಎಬ್ಬಿಸಿಕೊಂಡು ಹೋದರು. ಇಂದು ಕನಕಪುರವಾಗಿರುವ ಕನಕಾನಹಳ್ಳಿಯನ್ನು ಶತ್ರುವಿಗೆ ದಕ್ಕಬಾರದೆಂದು ಎರಡು ಸಲ ಹಾಳುಗೆಡವಿದ್ದು ಸ್ವಂತ ಸುಲ್ತಾನನೇ. ತಂತ್ರ ಫಲಿಸಿತು. ಕಾರ್ನ್‌ವಾಲಿಸ್ ಅರಕೆರೆಯ ಬಳಿ ಕಾಳಗ ಗೆದ್ದರೂ ಅವನ ಎತ್ತುಗಳು ಮೇವಿಲ್ಲದೆ ಸತ್ತವು. ಕೋಟೆ ಒಡೆಯಲು ತಂದ ಭಾರೀ ಫಿರಂಗಿಗಳನ್ನು ಕನ್ನಂಬಾಡಿಯಲ್ಲಿ ತಾನೇ ನಾಶಮಾಡಿ ಅವನು ಹಿಂದಿರುಗಬೇಕಾಯಿತು. ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿಯಲ್ಲಿದೆ. ಹಸಿದ ಅವನ ಸೈನ್ಯಕ್ಕೆ ಅನ್ನ ಸಿಕ್ಕಿದ್ದು ಆಗಷ್ಟೇ ಬಂದು ಕೂಡಿಕೊಂಡ ಮರಾಠರ ಬಜಾರಿನಲ್ಲಿ, ದುಬಾರಿ ಬೆಲೆಗೆ. ಅದೇ ಯುದ್ಧದಲ್ಲಿ ನಾಗಮಂಗಲವನ್ನು ಮರಾಠರು ಹಾಳುಮಾಡಿದರು.

ಕನಕಾನಹಳ್ಳಿಯ ರೈತನಿಗೆ ತನ್ನ ಬಣವೆಗೆ ಬೆಂಕಿಯಿಟ್ಟವನು ನಮ್ಮವನೋ ಪರಕೀಯನೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಿರಲಾರದು. ಆದರೂ ಈ ಬೆಂಕಿ ಮತ್ತು ಮೇಲುಕೋಟೆಯವರು ನೆನೆಯುವ ಕತ್ತಿ ಒಂದೇ ಅಲ್ಲ. ಒಂದರ ಗುರಿ ಶತ್ರುವಿನ ಎತ್ತು. ರೈತ ನಡುವೆ ಸಿಕ್ಕಿಬಿದ್ದ. ಇನ್ನೊಂದರ ಗುರಿಯೇ ನಿರಾಯುಧ ಮನುಷ್ಯ; ಅವನ ಸಾವನ್ನು ಕಂಡು ಉಳಿದವರು ನಡುಗಬೇಕೆಂಬುದೇ ಉದ್ದೇಶ. ಭಯೋತ್ಪಾದನೆ ಎಂಬ ಮಾತಿಗೆ ಅರ್ಥವಿದ್ದರೆ ಅದು ಈ ಉದ್ದೇಶದಲ್ಲಿದೆ. ತೊಟ್ಟ ಬಟ್ಟೆಯಲ್ಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅಂದಿನ ರಾತ್ರಿ ಕಂಪನಿಯ ಸೈನಿಕರು ಊರೊಳಗೆ ನುಗ್ಗಿ ಮನೆ ಮನೆ ದೋಚಿದರು. ದೋಚದೆ ಉಳಿದ ಮನೆಯೇ ಇಲ್ಲವೆನ್ನುವಂತೆ ಆಯಿತೆಂದು ಸ್ವತಃ ಆರ್ಥರ್ ವೆಲ್ಲೆಸ್ಲಿ ತನ್ನ ಅಣ್ಣ ಗವರ್ನರ್ ಜನರಲ್‌ಗೆ ಬರೆದ. ಮರುದಿನ ಪಟ್ಟಣದ ಹೊಣೆ ಹೊತ್ತ ಅವನು ಸೂರೆಗಾರರಲ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿಯೇಟು ಹಾಕಿಸಿ ಊರನ್ನು ಹತೋಟಿಗೆ ತಂದ. ಸರಿಯಾದ ಕೆಲಸವೇ. ಆದರೆ ಟಿಪ್ಪುವಿನ ಖಜಾನೆಯನ್ನು ಒಂದು ಸಮಿತಿ ಲೆಕ್ಕ ಹಾಕಿ ಸೈನ್ಯಕ್ಕೆ ಹಂಚಿದಾಗ ಜನರಲ್ ಹ್ಯಾರಿಸ್‌ಗೆ ಸಂದ ಪಾಲು ಲಕ್ಷ ಪೌಂಡಿಗೂ ಮೀರಿತ್ತು. ರಾತ್ರಿ ಕದ್ದವನಿಗೆ ನೇಣು, ಹಗಲಲ್ಲಿ ರಸೀದಿ ಬರೆದವನಿಗೆ ಸಂಪತ್ತು! ಆ ರಾತ್ರಿ ನುಗ್ಗಿದವರಲ್ಲಿ ಕಂಪನಿಯ ಸಂಬಳಕ್ಕೆ ಸೇರಿದ್ದ ದಕ್ಷಿಣ ದೇಶದ ಸಿಪಾಯಿಗಳೂ ಇದ್ದರು. 'ಸ್ವಂತ ದೇಶದ ಸೈನಿಕ' ಎಂಬ ಮಾತು ಅಂದು ಯಾರಿಗೆ ಅನ್ವಯಿಸುತ್ತಿತ್ತೋ!

ಇಂದಿನ ಕಾನೂನು ಇದನ್ನು ಹೇಗೆ ನೋಡುತ್ತದೆ? 1949ರ ನಾಲ್ಕನೆಯ ಜಿನೀವಾ ಒಪ್ಪಂದದ 33ನೆಯ ವಿಧಿ ಸಾಮೂಹಿಕ ಶಿಕ್ಷೆ, ಬೆದರಿಕೆ, ಭಯೋತ್ಪಾದನೆ ಮತ್ತು ಸೂರೆಗಳನ್ನು ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಅದರ ಕಟ್ಟುಪಾಡು ಬೀಳುವುದು ದೇಶಗಳ ಸೈನ್ಯದ ಮೇಲೆಯೇ. ಸರಾಯೆವೊ ನಗರದ ನಾಗರಿಕರ ಮೇಲೆ ತಿಂಗಳುಗಟ್ಟಲೆ ಗುಂಡು ಹಾರಿಸಿದ ಬೋಸ್ನಿಯಾದ ಸರ್ಬ್ ಸೇನಾನಿ ಸ್ಟಾನಿಸ್ಲಾವ್ ಗಾಲಿಚ್‌ನನ್ನು 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ನಾಗರಿಕರಲ್ಲಿ ಭಯ ಬಿತ್ತಿದ ಅಪರಾಧಕ್ಕೇ ಶಿಕ್ಷಿಸಿತು. 2006ರಲ್ಲಿ ಅದು ಜೀವಾವಧಿಯಾಯಿತು. ಶಿಕ್ಷೆಯಾದದ್ದು ಅವನ ಕೃತ್ಯಕ್ಕೆ. ಆ ಅಪರಾಧ ಯುದ್ಧಾಪರಾಧಗಳ ಸಾಲಿಗೆ ಸೇರಿತು. ಭಾರತ 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟ ಭಯೋತ್ಪಾದನೆ ವಿರೋಧಿ ಸಮಗ್ರ ಒಪ್ಪಂದದ ಕರಡು ಮುಗ್ಗರಿಸಿದ್ದಕ್ಕೆ ಒಂದು ಮುಖ್ಯ ಕಾರಣವೂ ಇದೇ: ಸರ್ಕಾರಗಳ ಸೇನೆಯನ್ನು ಅದರ ವ್ಯಾಪ್ತಿಯಿಂದ ಹೊರಗಿಡಬೇಕೇ, ಬೇಡವೇ?

ಇಡೀ ಸೈನ್ಯಕ್ಕೆ ಈ ಹೆಸರು ಹಚ್ಚುವುದು ಅನ್ಯಾಯ. ಸೈನಿಕನಿಗೆ ಗುರುತಿದೆ, ಮೇಲಧಿಕಾರಿ ಇದ್ದಾನೆ, ತಪ್ಪಿದರೆ ಸೇನಾ ನ್ಯಾಯಾಲಯವಿದೆ. ಆದರೆ ಆ ಬಾಗಿಲುಗಳೆಲ್ಲ ಮುಚ್ಚಿದ್ದಾಗ ಸಮವಸ್ತ್ರವೊಂದೇ ಗುರಾಣಿಯಾಗಬಾರದು. 2016ರ ಜುಲೈನಲ್ಲಿ ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೇನಾ ವಿಶೇಷಾಧಿಕಾರ ಕಾಯ್ದೆಯಡಿಯಲ್ಲೂ ಮಿತಿಮೀರಿದ ಬಲಪ್ರಯೋಗಕ್ಕೆ ವಿಚಾರಣೆಯಿಂದ ಪೂರ್ಣ ರಕ್ಷಣೆಯಿಲ್ಲ ಎಂದಿತು.

ಹೆಸರು ಹಚ್ಚುವ ಆತುರ ಏನು ಮಾಡಬಲ್ಲದೆಂದು ಕಾವೇರಿಯ ಕೆಳದಂಡೆಯ ಜನಕ್ಕೆ ಗೊತ್ತು. ವೀರಪ್ಪನ್ ಬೇಟೆಗೆ ಕರ್ನಾಟಕ ಮತ್ತು ತಮಿಳುನಾಡು ವಿಶೇಷ ಕಾರ್ಯಪಡೆಗಳನ್ನು ನೇಮಿಸಿದ್ದವು. ಅವು ಸೇನೆಯಲ್ಲ, ಪೊಲೀಸ್ ಪಡೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದ ಮೇಲೆ ಕಾಡಂಚಿನ ಹಳ್ಳಿಗರನ್ನು ಟಾಡಾ ಅಡಿಯಲ್ಲಿ, ಅಂದರೆ ಭಯೋತ್ಪಾದಕರೆಂದು, ಹಿಡಿದು ಮೈಸೂರು ಜೈಲಿಗೆ ಹಾಕಿದರು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಆ ಕಾಯ್ದೆಯಲ್ಲಿ ಸಾಕ್ಷ್ಯ. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಬಿಡುಗಡೆಯಾದರು. ಅವರಲ್ಲಿ ಹಲವರು ಅಷ್ಟು ವರ್ಷವೂ ಜೈಲಿನಲ್ಲೇ ಇದ್ದವರು. ಇತ್ತ ಕಾರ್ಯಪಡೆಯ ಶಿಬಿರಗಳಲ್ಲಿ ಚಿತ್ರಹಿಂಸೆ, ಅತ್ಯಾಚಾರ ನಡೆದವೆಂಬ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರ ಜನವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಎರಡೂ ಸರ್ಕಾರಗಳಿಗೆ ಹೇಳಿತು.